ಇಂಗ್ಲಿಷಿನಲ್ಲಿ ‘ಮಾಡುತ್ತಿದ್ದೆ’ ಎನ್ನುವುದು ಹೇಗೆ?
(ವಾಚನಾಲಯದ ಸದಸ್ಯರ ಕೂಟದಲ್ಲಿ ಮಾಡಿದ ಭಾಷಣ)



ವ್ಯಾಕರಣ ಹೇಳಲು ನಾನು ಪಂಡಿತನಲ್ಲ. ಮೆಟ್ರಿಕ್ ಮುಗಿಸಿ ಗಿರಣಿಯ ಆಫೀಸಿನಲ್ಲಿ ಗುಮಾಸ್ತನಾಗಿರುವವನು. ಆದ್ದರಿಂದ ನಾನೇ ಮಾಡಿದ ಒಂದು ತಪ್ಪಿನಿಂದ ಮಾತು ಆರಂಭಿಸುತ್ತೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ಕಡೆಯ ಕೆಲಸಗಾರರೊಬ್ಬರ ಬೆರಳು ಯಂತ್ರಕ್ಕೆ ಸಿಕ್ಕಿತು. ಹೇಳಿಕೆ ಇಂಗ್ಲಿಷಿನಲ್ಲಿ ಬೇಕಾಗಿತ್ತು. ನನ್ನ ಬಳಿಗೆ ಬಂದರು. “ಮಶಿನ್ ನಿಂತಿತ್ರೀ. ನಾನು ಸ್ವಚ್ಛ ಮಾಡಾಕತ್ತಿದ್ದೆ. ಅಷ್ಟರಾಗ ಚಾಲೂ ಆತು” ಎಂದರು. ನಾನು ಬರೆದದ್ದು: “ವೆನ್ ದಿ ಮಶೀನ್ ಸ್ಟಾರ್ಟೆಡ್, ಐ ಕ್ಲೀನ್ಡ್ ಇಟ್.” ಅಧಿಕಾರಿಗಳು ಓದಿ, “ಯಂತ್ರ ಚಾಲೂ ಆದ ಮೇಲೆ ಕೈ ಹಾಕಿದ್ದಾನೆ, ತಪ್ಪು ಇವನದೇ” ಎಂದರು. ಬರೆಯಬೇಕಾಗಿದ್ದದ್ದು: “ಐ ವಾಸ್ ಕ್ಲೀನಿಂಗ್ ದಿ ಮಶೀನ್ ವೆನ್ ಇಟ್ ಸ್ಟಾರ್ಟೆಡ್.” ಅದನ್ನು ತಿದ್ದಿಸಲು ಆ ಬಡವರು ಎರಡು ವಾರ ಅಲೆದರು. ‘ವಾಸ್’ ಮತ್ತು ‘ಇಂಗ್’ ಎಂಬ ಎರಡು ಚಿಕ್ಕ ತುಣುಕುಗಳನ್ನು ನಾನು ಬಿಟ್ಟಿದ್ದೆ, ಅಷ್ಟೇ.

ಈ ರೂಪ ನಮಗೆ ಹೊಸದಲ್ಲ. ‘ಬರೆಯುತ್ತಿದ್ದೇನೆ’ ಎಂಬ ಮಾತನ್ನು ಬಿಡಿಸಿರಿ: ಬರೆಯುತ್ತ, ಇದ್ದೇನೆ. ‘ಉತ್ತ’ ಇದ್ದ ಕಡೆ ಇಂಗ್ಲಿಷರ ‘ಇಂಗ್’. ‘ಇದ್ದೇನೆ’ ಇದ್ದ ಕಡೆ ಅವರ ‘ಆ್ಯಮ್’. ನಾವು ಇರುವಿಕೆಯನ್ನು ಕೊನೆಗೆ ಹೇಳುತ್ತೇವೆ, ಅವರು ಮೊದಲು ಹೇಳುತ್ತಾರೆ: ಐ ಆ್ಯಮ್ ರೈಟಿಂಗ್. ಎರಡೂ ಬೇಕು. ‘ಐ ರೈಟಿಂಗ್’ ಎಂದರೆ ‘ನಾನು ಬರೆಯುತ್ತ’ ಎಂದು ಹೇಳಿ ಬಾಯಿ ಮುಚ್ಚಿದ ಹಾಗೆ.

ಕಾಲ ಬದಲಾದರೆ ಮೊದಲ ತುಣುಕು ಮಾತ್ರ ಬದಲಾಗುತ್ತದೆ, ‘ಇಂಗ್’ ಕದಲುವುದಿಲ್ಲ. ಈಗ ನಡೆಯುತ್ತಿದ್ದರೆ ‘ಐ’ಗೆ ಆ್ಯಮ್, ‘ಹಿ, ಶಿ, ಇಟ್’ಗಳಿಗೆ ಈಸ್, ‘ವಿ, ಯು, ದೇ’ಗಳಿಗೆ ಆರ್. ಹಿಂದೆ ನಡೆಯುತ್ತಿದ್ದರೆ ಆ್ಯಮ್ ಮತ್ತು ಈಸ್ ಹೋಗಿ ವಾಸ್, ಆರ್ ಹೋಗಿ ವರ್. ಮುಂದೆ ನಡೆಯುತ್ತಿರುವುದಾದರೆ ಎಲ್ಲರಿಗೂ ವಿಲ್ ಬಿ: “ಐ ವಿಲ್ ಬಿ ವರ್ಕಿಂಗ್ ನೈಟ್ ಶಿಫ್ಟ್ ನೆಕ್ಸ್ಟ್ ವೀಕ್.” ಕಾಗುಣಿತದಲ್ಲಿ ಒಂದೆರಡು ಎಚ್ಚರ: ‘ರೈಟ್’ ಪದದ ಕೊನೆಯ ‘ಇ’ ಅಕ್ಷರವನ್ನು ತೆಗೆದು ‘ಇಂಗ್’ ಸೇರಿಸಬೇಕು, ‘ರನ್’ ಪದದ ‘ಎನ್’ ಅಕ್ಷರವನ್ನು ಎರಡು ಸಲ ಬರೆಯಬೇಕು.

ಇನ್ನು ನಾವು ಎಡವುವ ಎರಡು ಜಾಗಗಳು.

ಮೊದಲನೆಯದು ರಜೆಯ ಅರ್ಜಿ. ‘ಮೂರು ದಿನದಿಂದ ಜ್ವರ ಬರುತ್ತಿದೆ’ ಎನ್ನುತ್ತೇವೆ. ಅದನ್ನೇ ಇಟ್ಟು “ಐ ಆ್ಯಮ್ ಸಫರಿಂಗ್ ಫ್ರಮ್ ಫೀವರ್ ಸಿನ್ಸ್ ತ್ರೀ ಡೇಸ್” ಎಂದು ಬರೆಯುತ್ತೇವೆ. ಹಿಂದೆ ತೊಡಗಿ ಈಗಲೂ ನಡೆದಿರುವುದಕ್ಕೆ ಅವರು ‘ಹ್ಯಾವ್ ಬೀನ್’ ಹಾಕುತ್ತಾರೆ: “ಐ ಹ್ಯಾವ್ ಬೀನ್ ಸಫರಿಂಗ್ ಫ್ರಮ್ ಫೀವರ್ ಫಾರ್ ತ್ರೀ ಡೇಸ್.” ಎಷ್ಟು ದಿನ ಎಂದು ಲೆಕ್ಕ ಹೇಳಿದರೆ ‘ಫಾರ್’, ಎಂದಿನಿಂದ ಎಂದು ಹೇಳಿದರೆ ‘ಸಿನ್ಸ್’, ಅಂದರೆ ‘ಸಿನ್ಸ್ ಮಂಡೇ’.

ಎರಡನೆಯದು, ಬೇಡದ ಕಡೆ ‘ಇಂಗ್’ ಹಚ್ಚುವುದು. “ಐ ಆ್ಯಮ್ ನೋಯಿಂಗ್ ಹಿಮ್,” “ಐ ಆ್ಯಮ್ ಹ್ಯಾವಿಂಗ್ ಟು ಚಿಲ್ಡ್ರನ್,” “ಐ ಆ್ಯಮ್ ವಾಂಟಿಂಗ್ ಲೀವ್.” ಕನ್ನಡದಲ್ಲಿ ಹೇಳಿ ನೋಡಿರಿ: ನನಗೆ ಅವರು ಗೊತ್ತು, ನನಗೆ ಇಬ್ಬರು ಮಕ್ಕಳಿದ್ದಾರೆ, ನನಗೆ ರಜೆ ಬೇಕು. ಎಲ್ಲಿಯೂ ‘ಉತ್ತ’ ಇಲ್ಲ. ಇವು ಮಾಡುವ ಕೆಲಸಗಳಲ್ಲ, ಇರುವ ಸ್ಥಿತಿ. ಆದ್ದರಿಂದ ಐ ನೋ, ಐ ಹ್ಯಾವ್, ಐ ವಾಂಟ್ ಎಂದರೆ ಸಾಕು. ಆದರೆ ಊಟ ಮಾಡುವುದು ಕೆಲಸವೇ. “ಐ ಆ್ಯಮ್ ಹ್ಯಾವಿಂಗ್ ಲಂಚ್” ಎನ್ನಲು ಅಡ್ಡಿಯಿಲ್ಲ.

ಕೊನೆಗೆ ಒಂದು ಬಿನ್ನಹ. ಬೇರೆಯವರಿಂದ ಅರ್ಜಿ ಬರೆಸಿದಾಗ ಕೂಡಲೇ ಸಹಿ ಹಾಕಬೇಡಿರಿ. ಬರೆದವರಿಂದಲೇ ಅದನ್ನು ಕನ್ನಡದಲ್ಲಿ ಹೇಳಿಸಿ ಕೇಳಿರಿ. ನೀವು ‘ಮಾಡುತ್ತಿದ್ದೆ’ ಎಂದದ್ದು ಅವರ ಬಾಯಲ್ಲಿ ‘ಮಾಡಿದೆ’ ಎಂದು ಬಂದರೆ ತಿದ್ದಿಸಿರಿ. ಅಂದು ನಾನು ಓದಿ ಹೇಳಿದ್ದರೆ ಅವರೇ ನನ್ನನ್ನು ತಿದ್ದುತ್ತಿದ್ದರು. ಭಾನುವಾರ ಬೆಳಿಗ್ಗೆ ನಾನು ಇಲ್ಲಿಯೇ ಕೂತಿರುತ್ತೇನೆ. ಅರ್ಜಿ ತನ್ನಿರಿ, ಕೂಡಿ ಓದೋಣ.