ಹಂಗಳಕ್ಕೆ ಎಷ್ಟು ಗಂಟೆ?

ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋ ಎಷ್ಟು ದೂರ? ಭೂಮಿಯ ದುಂಡನ್ನು ಲೆಕ್ಕಕ್ಕೆ ಹಿಡಿದು ಅಳೆದರೆ ಸುಮಾರು 14,000 ಕಿಲೋಮೀಟರ್. ವಿಮಾನದ ವೇಗ ಗಂಟೆಗೆ 900 ಅಂತ ಇಟ್ಕೊಳ್ಳಿ, ಹದಿನೈದೂವರೆ ಗಂಟೆ ಆಗಬೇಕು. ಆದ್ರೆ ಎದುರುಗಾಳಿ ಇರುತ್ತೆ, ಬಳಸಿ ಹೋಗುವ ದಾರಿ ಇರುತ್ತೆ.

2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ನೇರ ವಿಮಾನವನ್ನು ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳ ತಂಡ ಉತ್ತರ ಧ್ರುವದ ದಾರಿಯಲ್ಲಿ ತಂದಿಳಿಸಿತು. ತಗೊಂಡಿದ್ದು ಸುಮಾರು 17 ಗಂಟೆ. ಅಲ್ಲಿ 9ರ ರಾತ್ರಿ ಹೊರಟಿದ್ದು, ಇಲ್ಲಿ ಇಳಿದಿದ್ದು 11ರ ಬೆಳಗಿನ ಜಾವ. ಎರಡು ದಿನ ಆಯ್ತಲ್ಲ ಅಂತೀರಾ? ಇಲ್ಲ. ಚಳಿಗಾಲದಲ್ಲಿ ಅವರ ಗಡಿಯಾರ ನಮಗಿಂತ ಹದಿಮೂರೂವರೆ ಗಂಟೆ ಹಿಂದಿರುತ್ತೆ, ಅಷ್ಟೇ.

ಈಗ ಹಂಗಳಕ್ಕೆ ಬನ್ನಿ. ಗುಂಡ್ಲುಪೇಟೆ ದಾಟಿ ಊಟಿ ರಸ್ತೆಯಲ್ಲಿ, ಗೋಪಾಲಸ್ವಾಮಿ ಬೆಟ್ಟಕ್ಕೆ ತಿರುಗುವ ಊರು. ಈ ಊರಿನ ಮಗ ಅಲ್ಲಿದ್ದಾನೆ, ತಾಯಿ ಇಲ್ಲಿ ಹಾಸಿಗೆ ಹಿಡಿದಿದ್ದಾರೆ ಅಂದ್ಕೊಳ್ಳಿ. ದೇವನಹಳ್ಳಿಯಲ್ಲಿ ಇಳಿದವನಿಗೆ ಇನ್ನೂ ಸುಮಾರು 250 ಕಿಲೋಮೀಟರ್ ಬಾಕಿ. ಮೈಸೂರಿನವರೆಗೆ ಫ್ಲೈಬಸ್ ಇದೆ. ಅಲ್ಲಿಂದ ನಂಜನಗೂಡು, ಬೇಗೂರು ದಾಟಿ ಗುಂಡ್ಲುಪೇಟೆಗೆ ಇನ್ನೊಂದು ಬಸ್ಸು. ಅಲ್ಲಿಂದ ಮತ್ತೊಂದು. ರೈಲು? ಚಾಮರಾಜನಗರಕ್ಕಿದೆ, ಗುಂಡ್ಲುಪೇಟೆಗೆ ಇಲ್ಲ. ಬಸ್ಸು ಕಾಯೋದು ಸೇರಿ ಆರು ಗಂಟೆ ಹಿಡಿದ್ರೆ, ಆಕಾಶದಲ್ಲಿ ಗಂಟೆಗೆ 820 ಕಿಲೋಮೀಟರ್ ಬಂದವನು ನೆಲದಲ್ಲಿ ಬರೋದು ಗಂಟೆಗೆ ನಲವತ್ತರಂತೆ.

ದೂರ ಅನ್ನೋದು ಬರೀ ಕಿಲೋಮೀಟರ್ ಅಲ್ಲ, ಇದನ್ನ ಹಂಗಳದವರಿಗೆ ನಾನು ಹೇಳಿಕೊಡಬೇಕಿಲ್ಲ. ಮುಂದಿನ ಬಂಡೀಪುರ ಕಾಡಿನ ರಸ್ತೆ ರಾತ್ರಿ 9ಕ್ಕೆ ಮುಚ್ಚುತ್ತೆ, ಬೆಳಗ್ಗೆ 6ಕ್ಕೆ ತೆರೆಯುತ್ತೆ. 2009ರಿಂದಲೂ ಹೀಗೇ. ಐದು ನಿಮಿಷ ತಡವಾಗಿ ಗೇಟಿಗೆ ಬಂದವನಿಗೆ ಊಟಿ ಒಂಬತ್ತು ಗಂಟೆ ದೂರ ಹೋಗಿರುತ್ತೆ. ಪ್ರಾಣಿಗಳ ಜೀವ ಉಳಿಸೋಕೆ ಅದು ಬೇಕು, ಇರಲಿ. ಆಕಾಶಕ್ಕೂ ಗೇಟಿದೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ವಾಯುಪ್ರದೇಶ ಮುಚ್ಚಿತು; ಪಶ್ಚಿಮಕ್ಕೆ ಹೋಗುವ ನಮ್ಮ ಎಷ್ಟೋ ವಿಮಾನಗಳು ಸುತ್ತು ಹಾಕಬೇಕಾಯ್ತು. ಊರುಗಳು ಇದ್ದಲ್ಲೇ ಇದ್ವು, ದೂರ ಮಾತ್ರ ಹೆಚ್ಚಾಯ್ತು.

ಆಕಾಶದ ಗೇಟು ನಮ್ಮ ಕೈಲಿಲ್ಲ. ಮೈಸೂರಿಂದ ಹಂಗಳದ ರಸ್ತೆ ನಮ್ಮ ಕೈಲಿದೆ. 2023ರ ಮಾರ್ಚ್‌ನಲ್ಲಿ 118 ಕಿಲೋಮೀಟರ್ ಉದ್ದದ ಬೆಂಗಳೂರು-ಮೈಸೂರು ಹೆದ್ದಾರಿ ಉದ್ಘಾಟನೆ ಆಯ್ತು. ಮೂರು ಗಂಟೆಯ ದಾರಿ ಒಂದೂವರೆ ಗಂಟೆಯೊಳಗೆ ಅಂದ್ರು. ಒಳ್ಳೇದೇ. ಆದ್ರೆ ಆ ದಾರಿ ಮೈಸೂರಿಗೇ ಮುಗಿಯುತ್ತೆ, ತಾಯಿ ಇರೋದು ಅದರಾಚೆ.

ಸಾವಿನ ಮನೆಯಲ್ಲಿ "ಮಗ ಎಲ್ಲಿಗೆ ಬಂದ?" ಅಂತ ಕೇಳ್ತಾರೆ. "ಬೆಂಗಳೂರಿಗೆ ಬಂದಿದ್ದಾನೆ" ಅಂದ್ರೆ ಮಣ್ಣು ಮಾಡೋದನ್ನ ಇನ್ನೆಷ್ಟು ಹೊತ್ತು ತಡೆಯೋದು ಅಂತ ಹಿರಿಯರು ಲೆಕ್ಕ ಹಾಕ್ತಾರೆ. ಆ ಲೆಕ್ಕದಲ್ಲಿ ಕೊನೆಯ ಬಸ್ಸಿನ ಟೈಮು ದೊಡ್ಡದು. ಹೊಸ ವಿಮಾನ ಬಂದಾಗ ಚಪ್ಪಾಳೆ ತಟ್ಟೋಣ. ಜೊತೆಗೆ ಗುಂಡ್ಲುಪೇಟೆಯಿಂದ ಹಂಗಳಕ್ಕೆ ಕೊನೆಯ ಬಸ್ಸು ಎಷ್ಟೊತ್ತಿಗೆ ಅಂತ ನಿಮ್ಮ ಶಾಸಕರನ್ನ ಕೇಳಿ.