ಬುದ್ಧಿಹಲ್ಲು ಕೀಳಿಸಿಕೊಂಡ ಮೇಲೆ

ಬುದ್ಧಿಹಲ್ಲು ಮೂಡುವುದು ಸಾಮಾನ್ಯವಾಗಿ 17ರಿಂದ 25 ವರ್ಷಗಳ ನಡುವೆ. ಬುದ್ಧಿ ಬರುವ ವಯಸ್ಸೆಂದು ಅದಕ್ಕೆ ಆ ಹೆಸರು. ದವಡೆಯಲ್ಲಿ ಸ್ಥಳ ಸಾಲದೆ ಅದು ಓರೆಯಾಗಿ ಎದ್ದು, ನೆರೆಯ ಹಲ್ಲನ್ನು ಒತ್ತಿ, ಕಡೆಗೆ ವೈದ್ಯರ ಕೈಯಲ್ಲಿ ಹೊರಬರುವ ಕಥೆ ಅನೇಕ ಮನೆಗಳಲ್ಲಿ ನಡೆದಿದೆ. ಕೀಳುವ ಕೆಲಸ ವೈದ್ಯರದು. ಅಲ್ಲಿಂದ ಮುಂದಿನ ಒಂದು ವಾರ ಮನೆಯವರದು. ಆ ವಾರದ ಮಾತನ್ನೇ ಈಗ ಹೇಳಹೊರಟಿದ್ದೇನೆ.

ಹಲ್ಲು ಕಿತ್ತ ಕಡೆ ಒಂದು ಗುಳಿ ಉಳಿಯುತ್ತದೆ. ಅದರಲ್ಲಿ ರಕ್ತ ತುಂಬಿ ಹೆಪ್ಪುಗಟ್ಟುತ್ತದೆ. ಒಳಗಿನ ಎಲುಬಿಗೂ ನರಗಳ ತುದಿಗೂ ಆ ಹೆಪ್ಪೇ ಹೊದಿಕೆ. ಅದನ್ನು ಆಧರಿಸಿಯೇ ಹೊಸ ಮಾಂಸ ಬೆಳೆಯಬೇಕು. ಹಾಲಿಗೆ ಹೆಪ್ಪು ಹಾಕಿಟ್ಟ ಪಾತ್ರೆಯನ್ನು ಗೃಹಿಣಿಯರು ಯಾರಿಗೂ ಅಲುಗಿಸಗೊಡುವುದಿಲ್ಲವಷ್ಟೆ. ಬಾಯೊಳಗಿನ ಈ ಹೆಪ್ಪಿಗೂ ಅದೇ ಮರ್ಯಾದೆ ಸಲ್ಲಬೇಕು.

ನಾನು ದಂತವೈದ್ಯ, ಈ ಮಾತನ್ನು ಎಷ್ಟೋ ಮಂದಿಗೆ ಹೇಳಿದವನು. ಆದರೂ ನನ್ನದೇ ಕೆಳದವಡೆಯ ಬುದ್ಧಿಹಲ್ಲನ್ನು ಸ್ನೇಹಿತರೊಬ್ಬರಿಂದ ಕೀಳಿಸಿಕೊಂಡ ರಾತ್ರಿ ತಪ್ಪು ಮಾಡಿದೆ. ಉಂಡ ಮೇಲೆ ಬಾಯಿ ಮುಕ್ಕಳಿಸುವುದು ನಮ್ಮ ಮನೆಗಳ ಸಂಪ್ರದಾಯ. ಗಂಜಿ ಕುಡಿದೆದ್ದವನು ಬಚ್ಚಲಿಗೆ ಹೋಗಿ, ಅಭ್ಯಾಸಬಲದಿಂದ ನಾಲ್ಕು ಸಲ ಜೋರಾಗಿ ಮುಕ್ಕಳಿಸಿ ಉಗುಳಿದೆ. ರಕ್ತದ ರುಚಿ ಹೋಯಿತು, ಹಾಯೆನಿಸಿತು. ಮೂರನೆಯ ರಾತ್ರಿ ದವಡೆಯಿಂದ ಕಿವಿಗೆ, ಕಿವಿಯಿಂದ ನೆತ್ತಿಗೆ ನೋವು ಏರಿತು, ಬಾಯಲ್ಲಿ ದುರ್ವಾಸನೆ. ಬೆಳಗ್ಗೆ ಸ್ನೇಹಿತರು ದೀಪ ಹಿಡಿದು ನೋಡಿದರೆ ಗುಳಿಯಲ್ಲಿ ಹೆಪ್ಪೇ ಇಲ್ಲ, ಬರಿಯ ಎಲುಬು. ಇದಕ್ಕೆ ನಾವು ಡ್ರೈ ಸಾಕೆಟ್ ಎನ್ನುತ್ತೇವೆ. ಎಚ್ಚರದಿಂದಿದ್ದವರಿಗೂ ಒಮ್ಮೊಮ್ಮೆ ಹೀಗಾಗುವುದುಂಟು. ನಾನಂತೂ ಆ ನೆಪ ಹೇಳುವಂತಿರಲಿಲ್ಲ. ಅವರು ಗುಳಿಯನ್ನು ತೊಳೆದು ಔಷಧದ ಪಟ್ಟಿ ಇಟ್ಟ ಮೇಲೆ ನೋವು ಇಳಿಯಿತು. ನನ್ನ ತಾಯಿ ಮಾತ್ರ, “ಇಷ್ಟು ಓದಿಯೂ…” ಎಂದು ಮಾತನ್ನು ಅರ್ಧಕ್ಕೆ ನಿಲ್ಲಿಸಿದರು.

ಆದ್ದರಿಂದ ಮೊದಲ 24 ಗಂಟೆ ಮುಕ್ಕಳಿಸಬೇಡಿ, ಜೋರಾಗಿ ಉಗುಳಬೇಡಿ. ವೈದ್ಯರು ಇಟ್ಟ ಬಟ್ಟೆಯ ಮಡಿಕೆಯನ್ನು ಅರ್ಧ ಮುಕ್ಕಾಲು ಗಂಟೆ ಒತ್ತಿ ಕಚ್ಚಿಕೊಂಡಿರಿ. ರಕ್ತ ನಿಂತಿತೇ ಎಂದು ಗಳಿಗೆಗೊಮ್ಮೆ ತೆಗೆದು ನೋಡುವುದು ಬೇಡ. ಎಂಜಲು ಕೆಂಪಗಿದ್ದರೆ ಗಾಬರಿಯಾಗಬೇಕಿಲ್ಲ. ಒಂದೆರಡು ಹನಿ ರಕ್ತವೂ ಎಂಜಲಿನಲ್ಲಿ ಬೆರೆತಾಗ ಬಹಳವಾಗಿ ಕಾಣುತ್ತದೆ. ಎಳನೀರನ್ನು ಕೊಳವೆಯಿಂದ ಹೀರಬೇಡಿ, ಲೋಟಕ್ಕೆ ಬಗ್ಗಿಸಿ ಕುಡಿಯಿರಿ. ಹೀರುವ ಸೆಳೆತಕ್ಕೆ ಹೆಪ್ಪು ಕಿತ್ತು ಬರಬಹುದು. ಬೀಡಿ, ಸಿಗರೇಟು, ಹೊಗೆಸೊಪ್ಪು, ಎಲೆಯಡಿಕೆಗಳನ್ನು ಗಾಯ ಮಾಯುವವರೆಗಾದರೂ ಬಿಡಲೇಬೇಕು. ಆಸ್ಪಿರಿನ್ ಮಾತ್ರೆಯನ್ನು ಕೆನ್ನೆಯೊಳಗೆ ಒತ್ತರಿಸಿಡುವ ಮನೆಯ ಉಪಚಾರವೊಂದುಂಟು. ಅದು ಬಾಯಿಯ ಒಳಚರ್ಮವನ್ನು ಸುಡುತ್ತದೆ. ನೋವಿಗೆ ವೈದ್ಯರು ಬರೆದುಕೊಟ್ಟ ಮಾತ್ರೆಯನ್ನೇ ನುಂಗಿ.

ಕಾಫಿಯಿಲ್ಲದೆ ಇರಲಾರದವರು, ತುಟಿಯ ಜೋಮು ಇಳಿದ ಮೇಲೆ, ಚೆನ್ನಾಗಿ ಆರಿಸಿ ಕುಡಿಯಲಿ. ತಣ್ಣನೆಯ ರಾಗಿ ಅಂಬಲಿ, ಮಿದುವಾಗಿ ಕಲಸಿದ ಮೊಸರನ್ನ, ಹಾಲಿನಲ್ಲಿ ನೆನೆಸಿದ ಇಡ್ಲಿ ಎರಡು ಮೂರು ದಿನಕ್ಕೆ ಒಳ್ಳೆಯ ಆಹಾರ. ಖಾರದ ಸಾರು ಕಾದಿರಲಿ.

ಕೆನ್ನೆಯ ಊತ ಎರಡನೆಯ, ಮೂರನೆಯ ದಿನ ಹೆಚ್ಚುವುದು ಸಹಜ. ಮೊದಲ ದಿನ ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಕೆನ್ನೆಯ ಹೊರಗೆ 20 ನಿಮಿಷ ಇಡಿ, 20 ನಿಮಿಷ ಬಿಡಿ. ಮರುದಿನದಿಂದ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಬೆರೆಸಿ, ಬಾಯಲ್ಲಿ ತುಂಬಿಕೊಂಡು ತಲೆಯನ್ನು ಅತ್ತಿತ್ತ ವಾಲಿಸಿ, ಅದು ತಾನಾಗಿ ಜಾರಿ ಬೀಳಲು ಬಿಡಿ.

ಒತ್ತಿ ಕಚ್ಚಿದರೂ ನಿಲ್ಲದ ರಕ್ತ, ಜ್ವರ, ಮೂರು ದಿನ ಕಳೆದರೂ ಏರುತ್ತಿರುವ ಊತ ಅಥವಾ ನೋವು ಕಂಡರೆ ಅಂದೇ ವೈದ್ಯರಲ್ಲಿಗೆ ಹೋಗಿ. ನುಂಗುವುದಕ್ಕೋ ಉಸಿರಾಡುವುದಕ್ಕೋ ಕಷ್ಟವಾದರೆ, ನಡುರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ, ಬೆಳಗಾಗಲೆಂದು ಕಾಯಬಾರದು.

ಒಸಡು ಕೂಡಿಕೊಳ್ಳಲು ಕೆಲವು ವಾರ ಬೇಕು, ಒಳಗೆ ಎಲುಬು ತುಂಬಲು ಕೆಲವು ತಿಂಗಳು. ನನ್ನ ತಾಯಿ ಚಕ್ಕುಲಿಯ ಡಬ್ಬಿಯನ್ನು ಮೂರು ವಾರ ಅಟ್ಟದ ಮೇಲಿಟ್ಟಿದ್ದರು. ಮೊದಲ ವಾರವಂತೂ ನಾನು ಉಂಡೆದ್ದಾಗಲೆಲ್ಲ ಬಚ್ಚಲ ಬಾಗಿಲಿನಲ್ಲಿ ಬಂದು ನಿಂತಿರುತ್ತಿದ್ದರು.