ಸಂಸ್ಥಾನಕ್ಕೊಂದು ಮತ

ಅಮೆರಿಕದ ಸೆನೆಟ್ಟಿನ ಹೆಸರನ್ನು ನೀವು ವಾರ್ತೆಗಳಲ್ಲಿ ಕೇಳಿಯೇ ಇರುತ್ತೀರಿ. ೨೦೨೦ರ ಜನಗಣತಿಯಂತೆ ಕ್ಯಾಲಿಫೋರ್ನಿಯದ ಜನಸಂಖ್ಯೆ ೩ ಕೋಟಿ ೯೫ ಲಕ್ಷ. ವಯೋಮಿಂಗಿನದು ೬ ಲಕ್ಷಕ್ಕೂ ಕಡಮೆ. ಆದರೂ ಸೆನೆಟ್ಟಿನಲ್ಲಿ ಇಬ್ಬರಿಗೂ ಎರಡೆರಡೇ ಸ್ಥಾನ. ಇದೇಕೆ ಹೀಗೆ?

ಇದರ ಬೇರು ೧೭೭೪ರಲ್ಲಿದೆ. ಬಾಸ್ಟನ್ನಿನವರು ಚಹದ ಪೆಟ್ಟಿಗೆಗಳನ್ನು ನೀರಿಗೆಸೆದುದಕ್ಕಾಗಿ ಬ್ರಿಟಿಷ್ ಪಾರ್ಲಿಮೆಂಟು ಆ ಬಂದರನ್ನೇ ಮುಚ್ಚಿಸಿತ್ತು. ಇಂದು ಅವರಿಗೆ ಬಂದುದು ನಾಳೆ ನಮಗೂ ಬಂದೀತೆಂದು ಅಂಜಿ, ಹದಿಮೂರು ವಸಾಹತುಗಳಲ್ಲಿ ಹನ್ನೆರಡು ತಮ್ಮ ಪ್ರತಿನಿಧಿಗಳನ್ನು ಫಿಲಡೆಲ್ಫಿಯಕ್ಕೆ ಕಳುಹಿಸಿದವು; ಜಾರ್ಜಿಯ ಕಳುಹಿಸಲಿಲ್ಲ. ಬಡಗಿಗಳ ಸಂಘದ ಸಭಾಂಗಣದಲ್ಲಿ ಸೇರಿದವರಿಗೆ ಮೊದಲು ಎದುರಾದ ತೊಡಕು ತಮ್ಮೊಳಗಿನದೇ. ವರ್ಜೀನಿಯ ದೊಡ್ಡದು, ರೋಡ್ ಐಲೆಂಡ್ ಪುಟ್ಟದು. ಇಬ್ಬರ ಮಾತಿಗೂ ಒಂದೇ ತೂಕವೆ? ತೂಗಿ ನೋಡಲು ಜನರ ಲೆಕ್ಕವೇ ಕೈಯಲ್ಲಿರಲಿಲ್ಲ. ಸದ್ಯಕ್ಕೆ ವಸಾಹತಿಗೊಂದು ಮತವೆಂದು ಒಪ್ಪಿದರು.

ಆ 'ಸದ್ಯಕ್ಕೆ' ಬಹುಕಾಲ ಬಾಳಿತು. ೧೭೭೫ರಲ್ಲಿ ಮತ್ತೆ ಕೂಡಿದ ಸಭೆ ಸೈನ್ಯ ಕಟ್ಟಿ ವಾಷಿಂಗ್ಟನ್ನರನ್ನು ದಂಡನಾಯಕರನ್ನಾಗಿ ಮಾಡಿತು. ೧೭೭೬ರ ಜುಲೈ ೪ರಂದು ಸ್ವಾತಂತ್ರ್ಯ ಘೋಷಣೆಯನ್ನು ಅಂಗೀಕರಿಸಿತು. ೧೭೮೧ರಲ್ಲಿ ಜಾರಿಗೆ ಬಂದ ಒಕ್ಕೂಟದ ಕರಾರಿನಲ್ಲಿಯೂ ಸಂಸ್ಥಾನಕ್ಕೊಂದೇ ಮತ. ಆ ಸಭೆ ಯುದ್ಧ ಹೂಡಬಹುದಾಗಿತ್ತು. ಒಂದು ಕಾಸಿನ ತೆರಿಗೆ ಹಾಕುವಂತಿರಲಿಲ್ಲ. ಸಂಸ್ಥಾನಗಳು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಕಾದಿ ಗೆದ್ದ ಸಿಪಾಯಿಗಳ ಸಂಬಳವೇ ಬಾಕಿ ನಿಂತಿತು. ಕರಾರನ್ನು ತಿದ್ದಲು ಹದಿಮೂರೂ ಒಪ್ಪಬೇಕು. ಆಮದಿನ ಮೇಲೆ ಸುಂಕ ಹಾಕುವ ಸೂಚನೆಯನ್ನು ೧೭೮೨ರಲ್ಲಿ ರೋಡ್ ಐಲೆಂಡ್ ಒಲ್ಲೆನೆಂದಿತು, ಸೂಚನೆ ಬಿದ್ದುಹೋಯಿತು.

೧೭೮೭ರ ಬೇಸಗೆಯಲ್ಲಿ ೫೫ ಪ್ರತಿನಿಧಿಗಳು ಅದೇ ಊರಿನಲ್ಲಿ ಬಾಗಿಲು ಹಾಕಿಕೊಂಡು ಕುಳಿತರು. ರೋಡ್ ಐಲೆಂಡಿನಿಂದ ಯಾರೂ ಬರಲಿಲ್ಲ. ಹಳೆಯ ಪ್ರಶ್ನೆಯೇ ಮತ್ತೆ ಎದ್ದು, ಸಭೆ ಮುರಿಯುವ ಹಂತಕ್ಕೆ ಬಂದಿತು. ಕೊನೆಗೆ ರಾಜಿಯಾಯಿತು: ಕೆಳಮನೆಯಲ್ಲಿ ಜನಸಂಖ್ಯೆಗೆ ತಕ್ಕ ಸ್ಥಾನ, ಸೆನೆಟ್ಟಿನಲ್ಲಿ ಎಲ್ಲರಿಗೂ ಎರಡೆರಡು. ತೆರಿಗೆಯ ಅಧಿಕಾರವೂ ಹೊಸ ಸರ್ಕಾರಕ್ಕೆ ಬಂದಿತು. ಈ ಸಲ ಒಂಬತ್ತು ಸಂಸ್ಥಾನಗಳು ಒಪ್ಪಿದರೆ ಸಾಕೆಂದು ಗೊತ್ತುಮಾಡಿದರು. ೧೭೮೯ರ ಏಪ್ರಿಲ್ ೩೦ರಂದು ವಾಷಿಂಗ್ಟನ್ನರು ಮೊದಲ ಅಧ್ಯಕ್ಷರಾಗಿ ಪ್ರಮಾಣ ಸ್ವೀಕರಿಸಿದರು.

ಆದರೆ ಆ ಜನಸಂಖ್ಯೆಯ ಲೆಕ್ಕವನ್ನು ನಾವು ತುಸು ನಿಂತು ನೋಡಬೇಕು. ಐವರು ಗುಲಾಮರನ್ನು ಮೂವರೆಂದು ಎಣಿಸಿದರು. ಮತ ಹಾಕುವ ಹಕ್ಕು ಆ ಗುಲಾಮರಿಗಿರಲಿಲ್ಲ. ಅವರ ಲೆಕ್ಕದಿಂದ ಹೆಚ್ಚಿದ ಸ್ಥಾನಗಳು ಅವರ ಒಡೆಯರ ಸಂಸ್ಥಾನಗಳಿಗೆ ಹೋದವು. ಪ್ರಾತಿನಿಧ್ಯವಿಲ್ಲದೆ ತೆರಿಗೆ ಕೊಡೆವೆಂದು ಎದ್ದ ನಾಡಿನ ಲೆಕ್ಕವಿದು. ಸೆನೆಟ್ಟಿನ ರಾಜಿ ಇಂದಿಗೂ ಉಳಿದಿದೆ. ಈ ಇನ್ನೊಂದು ರಾಜಿಯನ್ನು ಅಳಿಸಲು ಅಂತರ್ಯುದ್ಧವೂ, ೧೮೬೫ರ ಮತ್ತು ೧೮೬೮ರ ತಿದ್ದುಪಡಿಗಳೂ ಬೇಕಾದವು.